ಒಳ್ಳೇದಕ್ಕೇ ಅಂದಿದ್ದು, ಅವರಿಗೆ ನೋವಾಗಿದೆ. ಈಗ ಏನು ಮಾಡಲಿ?

ಪ್ರಶ್ನೆ

ನಾನು ಒಂಬತ್ತು ಜನರ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ತಂಡದಲ್ಲಿ ವಯಸ್ಸಿನಲ್ಲೂ ಅನುಭವದಲ್ಲೂ ನನಗಿಂತ ತುಂಬಾ ದೊಡ್ಡವರಾದ ಸಹೋದ್ಯೋಗಿಯೊಬ್ಬರಿದ್ದಾರೆ. ದೊಡ್ಡ ಆಪರೇಷನ್ ಆಗಿ ನಾಲ್ಕು ತಿಂಗಳು ರಜೆಯಲ್ಲಿದ್ದರು. ವಾಪಸ್ ಬಂದ ಎರಡನೇ ವಾರ ಮೀಟಿಂಗಿನಲ್ಲಿ ಹೊಸ ಪ್ರಾಜೆಕ್ಟ್ ಒಂದನ್ನು ಹಂಚಬೇಕಿತ್ತು. ಅದು ಅವರದೇ ವಿಷಯ. ಆದರೂ "ಮೇಡಂಗೆ ಈಗ ಟೆನ್ಷನ್ ಬೇಡ, ಇದನ್ನ ಬೇರೆಯವರು ನೋಡ್ಕೊಳ್ಳಲಿ" ಅಂತ ಹೇಳಿ ತಂಡದ ಕಿರಿಯ ಹುಡುಗನಿಗೆ ಕೊಟ್ಟೆ. ಒಳ್ಳೇದಕ್ಕೇ ಅಂದಿದ್ದು. ಮೂರು ವಾರವಾಯಿತು, ಅವರು ನನಗೆ ಮುಖ ಕೊಟ್ಟು ಮಾತಾಡುತ್ತಿಲ್ಲ. ಏನು ಕೇಳಿದರೂ "ಸರಿ", "ಆಯ್ತು", ಅಷ್ಟೇ. "ಎಲ್ಲರ ಮುಂದೆ ನನ್ನನ್ನ ಕೈಲಾಗದವಳನ್ನಾಗಿ ಮಾಡಿಬಿಟ್ಟರು" ಎಂದು ನೊಂದುಕೊಂಡರಂತೆ. ತಂಡದ ಇನ್ನೊಬ್ಬರು ಗುಟ್ಟಾಗಿ ಹೇಳಿದರು. ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಒಂದು ಚೂರೂ ಇರಲಿಲ್ಲ. ಕ್ಷಮೆ ಕೇಳಬೇಕಾ, ಇಲ್ಲಾ ಕೇಳಿದರೆ ಸುಮ್ನೆ ಇನ್ನೂ ದೊಡ್ಡದಾಗುತ್ತಾ? ಈಗ ಮೀಟಿಂಗಿನಲ್ಲಿ ಬಾಯಿ ತೆರೆಯುವುದಕ್ಕೇ ಭಯ ಆಗುತ್ತಿದೆ. ಇದರಿಂದ ಹೊರಗೆ ಬರುವುದು ಹೇಗೆ?

ಉತ್ತರ

ಕ್ಷಮೆ ಕೇಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಉದ್ದಕ್ಕೆ ಬರೆಯುವವನಿದ್ದೇನೆ, ಅಷ್ಟನ್ನೂ ಓದುವವರೆಗೆ ನೀವು ಒದ್ದಾಡುವುದು ಬೇಡ. ಕ್ಷಮೆ ಕೇಳಿದರೆ ದೊಡ್ಡದಾಗುತ್ತಾ ಅಂದಿರಿ. ಅದು ಆಗಲೇ ದೊಡ್ಡದಾಗಿದೆ. ಮೂರು ವಾರದಿಂದ ಒಬ್ಬರು "ಸರಿ", "ಆಯ್ತು" ಅನ್ನುವುದರಲ್ಲೇ ದಿನ ತಳ್ಳುತ್ತಿದ್ದಾರೆ. ಅದಕ್ಕಿಂತ ದೊಡ್ಡದು ಇನ್ನೇನಾಗಬೇಕು?

ಆದರೆ ಏನಕ್ಕೆ ಕ್ಷಮೆ ಕೇಳಬೇಕು ಅನ್ನುವುದು ನಿಮಗೆ ಇನ್ನೂ ಪೂರ್ತಿ ಗೊತ್ತಾಗಿಲ್ಲ ಅನಿಸುತ್ತದೆ. ನಿಮ್ಮ ಪತ್ರದ ತೂಕವೆಲ್ಲ "ಕೆಟ್ಟದ್ದು ಇರಲಿಲ್ಲ" ಅನ್ನುವ ಕಡೆ ಇದೆ. ಅದನ್ನು ನಾನು ನಂಬುತ್ತೇನೆ. ಬಹುಶಃ ಅವರೂ ನಂಬುತ್ತಾರೆ. ನೀವು ಕೆಟ್ಟವರು ಅಂತ ಅವರು ಎಲ್ಲೂ ಹೇಳಿಲ್ಲ ನೋಡಿ. ಕೈಲಾಗದವಳನ್ನಾಗಿ ಮಾಡಿದರು ಅಂದಿದ್ದಾರೆ. ಎರಡೂ ಬೇರೆ ಬೇರೆ ದೂರು. ನೀವು ಉತ್ತರ ಹುಡುಕುತ್ತಿರುವುದು ಅವರು ಹೇಳದ ದೂರಿಗೆ.

ನೀವು ಆಡಿದ ಆ ಒಂದು ವಾಕ್ಯವನ್ನು ಎದುರಿಗಿಟ್ಟುಕೊಂಡು ನೋಡೋಣ. "ಮೇಡಂಗೆ ಈಗ ಟೆನ್ಷನ್ ಬೇಡ." ಬೇಡ ಅಂದವರು ಯಾರು? ಅವರಲ್ಲ, ನೀವು. ಅವರು ಅಲ್ಲೇ, ಅದೇ ಮೇಜಿನ ಸುತ್ತ ಕೂತಿದ್ದರು. ಕೇಳಿದ್ದರೆ ಹೇಳುತ್ತಿದ್ದರು. ಎದುರಿಗೇ ಕೂತವರ ಬಗ್ಗೆ, ಅವರು ಅಲ್ಲಿ ಇಲ್ಲವೇನೋ ಅನ್ನುವ ಹಾಗೆ, "ನಿಮಗೆ" ಅನ್ನದೆ "ಮೇಡಂಗೆ" ಅಂತ ಉಳಿದ ಎಂಟು ಜನಕ್ಕೆ ಹೇಳಿದಿರಿ. "ಈಗ" ಅನ್ನುವ ಚಿಕ್ಕ ಮಾತಿನಲ್ಲಿ ಅವರ ಕಾಯಿಲೆ ಇದೆ. ಆ ವಿಷಯ ಆ ಕೋಣೆಯಲ್ಲಿ ಬರಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ಅವರೊಬ್ಬರೇ. "ಬೇರೆಯವರು ನೋಡ್ಕೊಳ್ಳಲಿ" ಅಂತ ಅವರದೇ ವಿಷಯವನ್ನು ತಂಡದ ಕಿರಿಯನ ಕೈಗೆ ಕೊಟ್ಟಿರಿ. ಇಷ್ಟೆಲ್ಲ ಆಗಿದ್ದು ಹತ್ತು ಸೆಕೆಂಡಿನಲ್ಲಿ. ಹಾಗಾಗಿ ಆಡಿದವರಿಗೆ ಇದು ಒಂದು ಚಿಕ್ಕ ಮಾತು, ಕೇಳಿಸಿಕೊಂಡವರಿಗೆ ಮೂರು ಏಟು.

ನಮ್ಮ ಮಾತಿನಲ್ಲಿ ಇದಕ್ಕೆ ಮುಖಭಂಗ ಅಂತ ಸರಿಯಾದ ಪದವೇ ಇದೆ. ನೀವೇ ಬರೆದಿದ್ದೀರಿ, ಮುಖ ಕೊಟ್ಟು ಮಾತಾಡುತ್ತಿಲ್ಲ ಅಂತ. ಮುರಿದದ್ದೂ ಮುಖ, ಈಗ ಕೊಡದೇ ಇರುವುದೂ ಮುಖ. ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1955ರಲ್ಲಿ ಇದರ ಬಗ್ಗೆಯೇ ಬರೆದರು. ಒಬ್ಬರ ಮುಖಕ್ಕೆ ಪೆಟ್ಟು ಬಿದ್ದಾಗ ಸರಿಪಡಿಸುವುದಕ್ಕೆ ಜನ ನಾಲ್ಕು ಹೆಜ್ಜೆ ಇಡುತ್ತಾರೆ ಅಂದರು. ಇದು ಸರಿಯಲ್ಲ ಅಂತ ಯಾರಾದರೂ ಎತ್ತಿ ತೋರಿಸುವುದು ಮೊದಲನೆಯದು. ಆಮೇಲೆ ತಪ್ಪು ಮಾಡಿದವರು ಸರಿಪಡಿಸಲು ಮುಂದಾಗುವುದು, ನೊಂದವರು ಒಪ್ಪುವುದು, ಕೊನೆಗೆ ಅದಕ್ಕೊಂದು ಕೃತಜ್ಞತೆ. ನಿಮ್ಮ ವಿಷಯದಲ್ಲಿ ಮೊದಲ ಹೆಜ್ಜೆಯೇ ಬೀಳಲಿಲ್ಲ. ಅವರು ಏನೂ ಅನ್ನಲಿಲ್ಲ. ಅನ್ನುವುದು ಸುಲಭವೂ ಅಲ್ಲ, ಯಾಕೆಂದರೆ ನೀವು ತಂಡದ ಮುಖ್ಯಸ್ಥರು, ಮೇಲಾಗಿ "ಒಳ್ಳೇದಕ್ಕೆ" ಹೇಳಿದ್ದು. ಕಾಳಜಿ ತೋರಿಸಿದವರ ಮೇಲೆ ಸಿಟ್ಟು ಮಾಡಿಕೊಂಡರೆ ಉಪಕಾರ ಗೊತ್ತಿಲ್ಲದವರು ಅನ್ನಿಸಿಕೊಳ್ಳಬೇಕಾಗುತ್ತದೆ. ಹಾಗಾಗಿ ಬೈಗುಳಕ್ಕಿಂತ ಇಂಥ ಕಾಳಜಿಯ ಮಾತು ಒಮ್ಮೊಮ್ಮೆ ಜಾಸ್ತಿ ದಿನ ಚುಚ್ಚುತ್ತದೆ. ಬೈದರೆ ತಿರುಗಿ ಬೈಯಬಹುದು. ಕಾಳಜಿಗೆ ಏನು ಹೇಳೋದು?

ಇದು ನನ್ನ ಊಹೆ ಮಾತ್ರ ಅಲ್ಲ. ಸಹಾಯ ಪಡೆದವರಿಗೆ ಏನನ್ನಿಸುತ್ತದೆ ಅಂತ ಜೆಫ್ರಿ ಫಿಶರ್, ಏರಿ ನಾಡ್ಲರ್ ಮತ್ತು ಅವರ ಜೊತೆಗಾರರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು 1982ರಲ್ಲಿ ನೋಡಿದರು. ಸಹಾಯ ಯಾವಾಗಲೂ ಹಿತವಾಗಿರುವುದಿಲ್ಲ. "ನಾವು ನಿಮ್ಮ ಜೊತೆಗಿದ್ದೇವೆ" ಅನ್ನುವ ಸುದ್ದಿಯನ್ನೂ ಅದು ತರಬಹುದು, "ನಿಮ್ಮಿಂದ ಆಗಲ್ಲ" ಅನ್ನುವ ಸುದ್ದಿಯನ್ನೂ ತರಬಹುದು. ಎರಡನೆಯದು ಬಂದರೆ ಪಡೆದವರ ಸ್ವಾಭಿಮಾನಕ್ಕೆ ಪೆಟ್ಟು. ಅದರಲ್ಲೂ ವಿಷಯ ಅವರ ಪಾಲಿಗೆ ಮುಖ್ಯವಾದದ್ದಾದರೆ. ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದು ಬಂದವರಿಗೆ "ನಾನು ಮೊದಲಿನ ಹಾಗೆ ಕೆಲಸ ಮಾಡಬಲ್ಲೆನಾ" ಅನ್ನುವ ಪ್ರಶ್ನೆ ಬೆಳಿಗ್ಗೆ ಎದ್ದ ಕೂಡಲೇ ಕಾಡುತ್ತಿರುತ್ತದೆ. ಅದಕ್ಕೆ ಅವರು ತಾವೇ ಉತ್ತರ ಹುಡುಕಿಕೊಳ್ಳುವ ಮೊದಲೇ ನೀವು ಎಲ್ಲರ ಮುಂದೆ ಉತ್ತರ ಕೊಟ್ಟುಬಿಟ್ಟಿರಿ.

ಇಷ್ಟು ನೇರವಾಗಿ ಬರೆಯುವುದಕ್ಕೆ ಕಾರಣ ಇದೆ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ತುಂಬಾ ವರ್ಷದ ಹಿಂದಿನ ಮಾತು. ನಾನು ಮತ್ತು ಒಬ್ಬ ಕಿರಿಯ ಸಹೋದ್ಯೋಗಿ ಸೇರಿ ಗ್ರಾಹಕರೊಬ್ಬರ ಮುಂದೆ ಒಂದು ವರದಿ ಇಡಬೇಕಿತ್ತು. ಲೆಕ್ಕಾಚಾರವೆಲ್ಲ ಆಕೆಯದು. ಆರು ವಾರ ಕೂತು ಮಾಡಿದ್ದರು. ಗ್ರಾಹಕರು ಆಕೆಯ ಕಡೆ ತಿರುಗಿ ಒಂದು ಗಟ್ಟಿ ಪ್ರಶ್ನೆ ಕೇಳಿದರು. ಆಕೆ ಒಂದು ಕ್ಷಣ ಸುಮ್ಮನಾದರು. ಆ ಕ್ಷಣದಲ್ಲಿ ನಾನು ಬಾಯಿ ಹಾಕಿದೆ. ಉತ್ತರ ಚೆನ್ನಾಗಿಯೇ ಕೊಟ್ಟೆ, ಗ್ರಾಹಕರು ತಲೆಯಾಡಿಸಿದರು. ನನ್ನ ಪಕ್ಕದಲ್ಲಿ ಆಕೆ ಪೆನ್ನಿನ ಮುಚ್ಚಳ ಹಾಕಿದರು, ನೋಟ್‌ಬುಕ್ ಮುಚ್ಚಿದರು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು. ಮೀಟಿಂಗ್ ಮುಗಿಯುವವರೆಗೆ ಆ ಪುಸ್ತಕ ಮತ್ತೆ ತೆರೆಯಲಿಲ್ಲ. ನಾನು ಅದನ್ನು ಕಣ್ಣಾರೆ ನೋಡಿದೆ. ನೋಡಿಯೂ, ಪಾಪ ಗಾಬರಿಯಾಗಿದ್ದರು, ಈಗ ನಿರಾಳ ಆಯಿತು ಅಂದುಕೊಂಡೆ. ಎರಡು ತಿಂಗಳಾದ ಮೇಲೆ, ಬೇರೇನೋ ಮಾತಾಡುವಾಗ ಆಕೆಯೇ ಹೇಳಿದರು: "ಅವತ್ತು ನನಗೆ ಉತ್ತರ ಗೊತ್ತಿತ್ತು. ಹೇಗೆ ಶುರು ಮಾಡೋದು ಅಂತ ಯೋಚಿಸ್ತಿದ್ದೆ ಅಷ್ಟೇ. ಆಮೇಲಿಂದ ಅವರು ಒಂದು ಪ್ರಶ್ನೆಯನ್ನೂ ನನ್ನ ಕೇಳಲಿಲ್ಲ, ಎಲ್ಲ ನಿಮ್ಮನ್ನೇ ಕೇಳಿದರು."

ಕೊನೆಯ ವಾಕ್ಯ ನನಗೆ ಇವತ್ತಿಗೂ ಮರೆತಿಲ್ಲ. ನನ್ನ ಪ್ರಕಾರ ಅವತ್ತಿನ ವಿಷಯ ಅವತ್ತಿಗೇ ಮುಗಿದಿತ್ತು, ಒಂದು ಪ್ರಶ್ನೆ, ಒಂದು ಉತ್ತರ. ಆಕೆಯ ಪಾಲಿಗೆ ಅದು ಎರಡು ತಿಂಗಳು ನಡೆಯುತ್ತಲೇ ಇತ್ತು.

ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಇಬ್ಬರು ಸಂಶೋಧಕರು 1990ರಲ್ಲಿ ಮಾಡಿದ ಒಂದು ಅಧ್ಯಯನ ಇದನ್ನೇ ತೋರಿಸುತ್ತದೆ. ಜನರಿಂದ ಎರಡೆರಡು ಕಥೆ ಬರೆಸಿದರು. ಯಾರೋ ನಿಮಗೆ ಸಿಟ್ಟು ಬರಿಸಿದ ಸಂದರ್ಭ ಒಂದು, ನೀವು ಇನ್ನೊಬ್ಬರಿಗೆ ಸಿಟ್ಟು ಬರಿಸಿದ ಸಂದರ್ಭ ಒಂದು. ಬರೆದವರು ಅದೇ ಜನ, ಆದರೆ ಕಥೆ ಹೇಳುವ ರೀತಿಯೇ ಬೇರೆಯಾಗಿತ್ತು. ತಾವು ನೋಯಿಸಿದ ಕಥೆಯಲ್ಲಿ ಅದಕ್ಕೊಂದು ಕಾರಣ ಇರುತ್ತಿತ್ತು, ಅದು ಅಲ್ಲಿಗೇ ಮುಗಿದ ಒಂದು ಸಂಗತಿಯಾಗಿರುತ್ತಿತ್ತು, ಎದುರಿನವರು ಅತಿ ಮಾಡಿದರು ಅನ್ನುವ ಮಾತೂ ಬರುತ್ತಿತ್ತು. ತಾವು ನೊಂದ ಕಥೆಯಲ್ಲಿ ಎದುರಿನವರು ಯಾಕೆ ಹಾಗೆ ಮಾಡಿದರೋ ಅರ್ಥವೇ ಆಗುತ್ತಿರಲಿಲ್ಲ. ಅದು ಹಿಂದಿನ ಎಷ್ಟೋ ಸಂಗತಿಗಳ ಜೊತೆ ಸೇರಿಕೊಳ್ಳುತ್ತಿತ್ತು, ಅದರ ಪರಿಣಾಮ ಇವತ್ತಿಗೂ ಇದೆ ಅಂತಿರುತ್ತಿತ್ತು.

ಇದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಏನು ಗೊತ್ತಾ? ನೋಯಿಸುವವರು ಒಂದು ಜಾತಿ, ನೋಯುವವರು ಇನ್ನೊಂದು ಜಾತಿ ಅಂತಿಲ್ಲ. ಇಬ್ಬರೂ ನಾವೇ. ಯಾವ ಕುರ್ಚಿಯಲ್ಲಿ ಕೂತಿದ್ದೇವೆ ಅನ್ನುವುದರ ಮೇಲೆ ನಮ್ಮ ನೆನಪೇ ಬೇರೆ ಆಕಾರ ತೆಗೆದುಕೊಳ್ಳುತ್ತದೆ. ಹಾಗಾಗಿ "ಅಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದಾ" ಅಂತ ನಿಮಗೆ ಒಳಗೊಳಗೇ ಅನ್ನಿಸಿದರೆ (ಅನ್ನಿಸಿರುತ್ತದೆ, ಅದು ಸಹಜ) ಅದು ನೀವು ಕೂತ ಕುರ್ಚಿಯಿಂದ ಕಾಣುವ ನೋಟ ಅಷ್ಟೇ ಅಂತ ಗುರುತಿಸಿಕೊಳ್ಳಿ. ಅವರ ಕಥೆಯಲ್ಲಿ ಬಹುಶಃ ನೀವು ನೆನಪೇ ಇಟ್ಟುಕೊಳ್ಳದ ಇನ್ನೂ ಎರಡು ಮೂರು ಸಂಗತಿ ಇರಬಹುದು. ರಜೆಯಲ್ಲಿದ್ದಾಗ ಅವರಿಗೆ ಹೋಗಬೇಕಾದ ಮೇಲ್ ಹೋಗದೇ ಇದ್ದದ್ದು, ವಾಪಸ್ ಬಂದ ದಿನ ಅವರ ಕೆಲಸ ಬೇರೆಯವರ ಹೆಸರಲ್ಲಿ ಇದ್ದದ್ದು, ಹೀಗೆ ಏನೋ. ಮಾತಾಡುವಾಗ ಅವೂ ಹೊರಗೆ ಬರಬಹುದು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂತ ಮಾತ್ರ ಅನ್ನಬೇಡಿ. ಅವರ ಪಾಲಿಗೆ ಸಂಬಂಧ ಇದೆ.

ಈಗ ಕ್ಷಮೆಯ ವಿಷಯಕ್ಕೆ ಬರುತ್ತೇನೆ. ಕೆಲಸದ ಜಾಗದ ಮನಸ್ತಾಪಗಳನ್ನು ಕೂತು ಬಿಡಿಸುವುದೇ ನನ್ನ ವೃತ್ತಿಯಾದ್ದರಿಂದ ನೂರಾರು ಕ್ಷಮೆಗಳನ್ನು ಕೇಳಿಸಿಕೊಂಡಿದ್ದೇನೆ. ಕೆಟ್ಟು ಹೋಗುವವು ಹೆಚ್ಚಾಗಿ ಒಂದೇ ಜಾಗದಲ್ಲಿ ಕೆಡುತ್ತವೆ. "ನಿಮಗೆ ಬೇಜಾರಾಗಿದ್ದರೆ ಸಾರಿ." ಇದರಲ್ಲಿ "ಆಗಿದ್ದರೆ" ಇದೆಯಲ್ಲ, ಅದು ಕ್ಷಮೆಯನ್ನು ತಿಂದುಹಾಕುತ್ತದೆ. ಬೇಜಾರಾಗಿದೆ ಅಂತ ನಿಮಗೆ ಗೊತ್ತಿದೆ, ಅವರಿಗೂ ಗೊತ್ತಿದೆ, ಆಮೇಲೂ "ಆಗಿದ್ದರೆ" ಅಂದರೆ ಸಾಬೀತು ಮಾಡುವ ಭಾರ ಅವರ ಮೇಲೆ ಬಿತ್ತು. ಅದೂ ಅಲ್ಲದೆ ಬೇಜಾರು ಅವರ ಕೆಲಸ ಆಯಿತು, ನೀವು ಮಾಡಿದ್ದು ಏನೂ ಇಲ್ಲ ಅನ್ನುವ ಹಾಗಾಯಿತು.

ಇನ್ನೊಂದು ಸೂಕ್ಷ್ಮ ಇದೆ, ಇದು ಕನ್ನಡದ್ದೇ ಸೂಕ್ಷ್ಮ. ನಾವು "ತಪ್ಪಾಯಿತು" ಅನ್ನುತ್ತೇವೆ. ಒಳ್ಳೆಯ ಮಾತು, ಮನಸ್ಸಿನಿಂದ ಬಂದರೆ ಸಾಕಾಗುವ ಮಾತೂ ಹೌದು. ಆದರೆ ಗಮನಿಸಿ, ಅದರಲ್ಲಿ ಮಾಡಿದವರಿಲ್ಲ. ಮಳೆ ಆಯಿತು ಅಂದ ಹಾಗೆ ತಪ್ಪು ತಾನಾಗಿಯೇ ಆಗಿಬಿಟ್ಟಿತು. "ತಪ್ಪು ಮಾಡಿದೆ" ಅಂದು ನೋಡಿ, ಬಾಯಲ್ಲಿ ಎಷ್ಟು ಭಾರ ಆಗುತ್ತದೆ. ಆ ಭಾರ ಹೊರುವುದೇ ಕ್ಷಮೆ. ಕ್ಷಮೆಯಲ್ಲಿ ಏನೇನಿದ್ದರೆ ಜನ ಒಪ್ಪುತ್ತಾರೆ ಅಂತ ರಾಯ್ ಲೆವಿಕಿ ಮತ್ತು ಅವರ ಜೊತೆಗಾರರು ಅಳೆದು 2016ರಲ್ಲಿ ಪ್ರಕಟಿಸಿದರು. ವಿಷಾದ, ವಿವರಣೆ, ಹೊಣೆ ಒಪ್ಪಿಕೊಳ್ಳುವುದು, ಇನ್ನು ಹೀಗೆ ಮಾಡುವುದಿಲ್ಲ ಅನ್ನುವುದು, ಸರಿಪಡಿಸುತ್ತೇನೆ ಅನ್ನುವುದು, ಕ್ಷಮಿಸಿ ಅಂತ ಕೇಳುವುದು, ಈ ಆರರಲ್ಲಿ ಎಲ್ಲಕ್ಕಿಂತ ಮುಖ್ಯವಾಗಿದ್ದು ಹೊಣೆ ಒಪ್ಪಿಕೊಳ್ಳುವುದು. ಅದರ ಹಿಂದೆ ಸರಿಪಡಿಸುತ್ತೇನೆ ಅನ್ನುವ ಮಾತು. ಎಲ್ಲಕ್ಕಿಂತ ಕಡಿಮೆ ಬೆಲೆ "ಕ್ಷಮಿಸಿ" ಅನ್ನುವ ಕೋರಿಕೆಗೆ. ಅದು ನನಗೆ ಸರಿ ಅನ್ನಿಸುತ್ತದೆ. ಕ್ಷಮಿಸಿ ಅಂದರೆ ಅವರಿಂದ ಏನೋ ಕೇಳಿದ ಹಾಗೆ, ಮಾಡಿದೆ ಅಂದರೆ ನಿಮ್ಮದನ್ನು ಕೊಟ್ಟ ಹಾಗೆ.

ಹಾಗಾದರೆ ನಿಮ್ಮ ಮಾತು ಹೇಗಿರಬೇಕು? ನಾನು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಅವರಿಗೆ ಗೊತ್ತಾಗಿಬಿಡುತ್ತದೆ. ಆದರೂ ದಾರಿ ತೋರಿಸುವುದಕ್ಕೆ ಹೇಳುತ್ತೇನೆ. "ಆ ದಿನ ಮೀಟಿಂಗಿನಲ್ಲಿ ನಿಮ್ಮನ್ನ ಒಂದು ಮಾತೂ ಕೇಳದೆ ನಿಮ್ಮ ಪರವಾಗಿ ನಾನೇ ತೀರ್ಮಾನ ಮಾಡಿದೆ. ನಿಮ್ಮ ಆರೋಗ್ಯದ ವಿಷಯವನ್ನ ಎಲ್ಲರ ಮುಂದೆ ತಂದೆ. ಎರಡೂ ತಪ್ಪು. ಇದನ್ನ ಅವತ್ತೇ ಬಂದು ಹೇಳಬೇಕಿತ್ತು." ಇಷ್ಟು ಸಾಕು. ಇಷ್ಟು ಹೇಳಿ ಸುಮ್ಮನಾಗಿ. "ಯಾಕಂದ್ರೆ ನಾನು ಅಂದುಕೊಂಡಿದ್ದು..." ಅಂತ ನಾಲಿಗೆ ತುದಿಗೆ ಬರುತ್ತದೆ, ಖಂಡಿತ ಬರುತ್ತದೆ. ನುಂಗಿಕೊಳ್ಳಿ. ಅವರೇ "ಯಾಕೆ ಹಾಗಂದ್ರಿ" ಅಂತ ಕೇಳಿದರೆ ಆಗ ನಿಮ್ಮ ಉದ್ದೇಶ ಹೇಳಿ, ಒಂದೇ ವಾಕ್ಯದಲ್ಲಿ. ಕೇಳದೆ ಹೇಳಿದರೆ ಅದು ಸಮಜಾಯಿಷಿ.

ಸುಮ್ಮನಾಗಿ ಅಂತ ಒತ್ತಿ ಹೇಳುವುದಕ್ಕೂ ಕಾರಣ ಇದೆ. ಸಿಂಥಿಯಾ ಫ್ರಾಂಟ್ಜ್ ಮತ್ತು ಕೋರ್ಟ್ನಿ ಬೆನ್ನಿಗ್ಸನ್ 2005ರಲ್ಲಿ ಕ್ಷಮೆ ಬೇಗ ಕೇಳಿದರೆ ಒಳ್ಳೆಯದೋ ತಡವಾಗಿ ಕೇಳಿದರೋ ಅಂತ ನೋಡಿದರು. ತಡವಾಗಿ ಬಂದ ಕ್ಷಮೆಯೇ ಜಾಸ್ತಿ ಸಮಾಧಾನ ಕೊಟ್ಟಿತ್ತು. ಯಾಕೆಂದರೆ ನಡುವೆ ಸಿಕ್ಕ ಹೊತ್ತಿನಲ್ಲಿ ನೊಂದವರು ತಮ್ಮ ಮಾತು ಹೇಳಿಕೊಂಡಿದ್ದರು, ನನ್ನನ್ನು ಅರ್ಥ ಮಾಡಿಕೊಂಡಿದ್ದಾರೆ ಅನ್ನಿಸಿತ್ತು. ಮೂರು ವಾರ ಕಳೆದದ್ದರಿಂದ ನಿಮಗೆ ಲಾಭ ಆಯಿತು ಅಂತ ಇದರ ಅರ್ಥ ಅಲ್ಲ. ಆ ಮೂರು ವಾರ ಅವರು ಯಾರ ಹತ್ತಿರ ಹೇಳಿಕೊಂಡರೋ, ನಿಮ್ಮ ಹತ್ತಿರ ಅಂತೂ ಹೇಳಿಕೊಂಡಿಲ್ಲ. ಹಾಗಾಗಿ ಆ ಅವಕಾಶವನ್ನು ಈಗ ನೀವು ಕೊಡಬೇಕು. ನಿಮ್ಮ ಮಾತು ಎರಡು ನಿಮಿಷ, ಉಳಿದ ಹೊತ್ತು ಅವರದು. ಕೇಳಿಸಿಕೊಳ್ಳುವಾಗ ಕೈಯಲ್ಲಿ ಫೋನ್ ಬೇಡ.

ಮೇಲ್ ಮಾಡಬೇಡಿ. ಬರೆದು ಕಳಿಸುವುದು ಸುಲಭ ಅನ್ನಿಸುತ್ತದೆ, ಮುಖ ನೋಡಬೇಕಾಗಿಲ್ಲವಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಂಭೀರವಾಗಿ ಬರೆದದ್ದೋ ವ್ಯಂಗ್ಯವಾಗಿ ಬರೆದದ್ದೋ ಅನ್ನುವುದು ಓದಿದವರಿಗೆ ಗೊತ್ತಾಗೇ ಆಗುತ್ತದೆ ಅಂತ ಮೇಲ್ ಬರೆದವರಿಗೆ ತುಂಬಾ ನಂಬಿಕೆ ಇತ್ತು. 100ರಲ್ಲಿ ಸುಮಾರು 78 ಸಲ ಸರಿಯಾಗಿ ಹೇಳುತ್ತಾರೆ ಅಂದುಕೊಂಡಿದ್ದರು. ಓದಿದವರು ಸರಿಯಾಗಿ ಹೇಳಿದ್ದು ಸುಮಾರು 56 ಸಲ. ಕಣ್ಣು ಮುಚ್ಚಿ ಊಹಿಸಿದರೂ 50 ಬರುತ್ತದೆ. ನಮ್ಮ ದನಿ ನಮ್ಮ ಕಿವಿಯಲ್ಲಿ ಕೇಳಿಸುತ್ತಿರುವಾಗ ಅಕ್ಷರದಲ್ಲೂ ಅದು ಇದೆ ಅಂತ ನಾವು ನಂಬಿಬಿಡುತ್ತೇವೆ. ನೊಂದಿರುವವರು ನಿಮ್ಮ ಮೇಲ್ ಓದುವಾಗ ಅವರಿಗೆ ಕೇಳಿಸುವುದು ಆ ಮೀಟಿಂಗಿನ ದನಿ.

ಎಲ್ಲಿ ಮಾತಾಡಬೇಕು ಅನ್ನುವುದೂ ಸಣ್ಣ ವಿಷಯ ಅಲ್ಲ. "ಒಂದು ನಿಮಿಷ ನನ್ನ ಕ್ಯಾಬಿನ್‌ಗೆ ಬನ್ನಿ" ಅಂತ ಕರೆಸಬೇಡಿ. ಅವರು ಎದ್ದು ಬರುವುದನ್ನು ಉಳಿದವರೆಲ್ಲ ನೋಡುತ್ತಾರೆ. "ಇವತ್ತು ಸಂಜೆಯೋ ನಾಳೆಯೋ ನಿಮಗೆ ಒಂದು ಹತ್ತು ನಿಮಿಷ ಬಿಡುವಿದೆಯಾ, ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕಿತ್ತು" ಅಂತ ಕೇಳಿ, ಹೊತ್ತನ್ನು ಅವರೇ ಆರಿಸಲಿ. ಹೋದ ಸಲ ಕಿತ್ತುಕೊಂಡದ್ದು ಆಯ್ಕೆ ಮಾಡುವ ಹಕ್ಕನ್ನೇ ಅಲ್ವಾ.

ಗುಟ್ಟಾಗಿ ಹೇಳಿದವರ ಹೆಸರು ತೆಗೆಯಬೇಡಿ. "ನಿಮಗೆ ಬೇಜಾರಾಗಿದೆ ಅಂತ ಕೇಳಿದೆ" ಅಂತಲೂ ಬೇಡ. ಯಾರು ಹೇಳಿದ್ದು ಅನ್ನುವುದು ಅವರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ, ಆಗ ಅವರು ಮನಸ್ಸು ಬಿಚ್ಚಲು ಇದ್ದ ಇನ್ನೊಬ್ಬರನ್ನೂ ಕಳೆದುಕೊಳ್ಳುತ್ತಾರೆ. ನೀವು ಕಣ್ಣಾರೆ ನೋಡಿದ್ದು, ನೀವೇ ಯೋಚಿಸಿದ್ದು ಸಾಕಷ್ಟಿದೆ. ಅಷ್ಟರಿಂದಲೇ ಮಾತಾಡಿ.

ಅವರು "ಅಯ್ಯೋ ಏನೂ ಇಲ್ಲ ಬಿಡಿ" ಅಂದರೆ? ಅನ್ನುವ ಸಾಧ್ಯತೆಯೇ ಜಾಸ್ತಿ. "ಇಲ್ಲ, ಏನೋ ಇದೆ, ಹೇಳಿ" ಅಂತ ಕೆದಕಬೇಡಿ. "ಸರಿ. ಮುಂದೆ ಯಾವಾಗಲಾದರೂ ಹೇಳಬೇಕು ಅನ್ನಿಸಿದರೆ ನಾನು ಕೇಳಿಸಿಕೊಳ್ಳುತ್ತೇನೆ" ಅಂತ ಹೇಳಿ ಎದ್ದುಬಿಡಿ. ಮಾರನೇ ದಿನವೇ ನಗುನಗುತ್ತಾ ಮಾತಾಡಿಸಬೇಕು ಅಂತ ಕಾಯಬೇಡಿ. ಕ್ಷಮೆ ಕೇಳುವುದು ನಿಮ್ಮ ಕೈಯಲ್ಲಿದೆ, ಮನಸ್ಸು ತಿಳಿಯಾಗುವುದು ಅವರ ಗತಿಯಲ್ಲಿ ಆಗುತ್ತದೆ. ಕೆಲವರಿಗೆ ಒಂದು ವಾರ, ಕೆಲವರಿಗೆ ಆರು ತಿಂಗಳು. ನನ್ನ ಅನುಭವದಲ್ಲಿ ಅವರು ನೋಡುವುದು ನಿಮ್ಮ ಕ್ಷಮೆಯನ್ನಲ್ಲ, ಅದಾದ ಮೇಲಿನ ಮೂರನೇ ನಾಲ್ಕನೇ ಮೀಟಿಂಗನ್ನು.

ಈಗ ನಿಮ್ಮ ಭಯದ ವಿಷಯ. ಮೀಟಿಂಗಿನಲ್ಲಿ ಬಾಯಿ ತೆರೆಯಲು ಹೆದರಿಕೆ ಅಂದಿರಿ. ಇಂಥದ್ದೊಂದು ಆದ ಮೇಲೆ ತುಂಬಾ ಜನ ಕಲಿಯುವ ಪಾಠ ಇದೇ: ಇನ್ನು ಮೇಲೆ ಮಾತು ಕಡಿಮೆ ಮಾಡಬೇಕು, ಅಳೆದು ತೂಗಿ ಆಡಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆ ಬೇರೆ ಇದೆ. ನಾನು ಇದನ್ನು ಒಪ್ಪುವುದಿಲ್ಲ, ನಿಮ್ಮ ವಿಷಯದಲ್ಲಂತೂ ಖಂಡಿತ ಒಪ್ಪುವುದಿಲ್ಲ. ನಿಮ್ಮ ತಪ್ಪು ಮಾತಿನಲ್ಲಿ ಇರಲಿಲ್ಲ. ಅದೇ ತೀರ್ಮಾನವನ್ನು ಇನ್ನೂ ನಯವಾದ ಪದಗಳಲ್ಲಿ ಹೇಳಿದ್ದರೂ, ಅಥವಾ ಏನೂ ಹೇಳದೆ ಸುಮ್ಮನೆ ಪ್ರಾಜೆಕ್ಟನ್ನು ಆ ಹುಡುಗನಿಗೆ ಕೊಟ್ಟಿದ್ದರೂ ಅವರಿಗೆ ಇಷ್ಟೇ ನೋವಾಗುತ್ತಿತ್ತು. ಮಾತಿನ ಹಿಂದೆ ಒಂದು ಊಹೆ ಇತ್ತು. ಕಾಯಿಲೆಯಿಂದ ಎದ್ದವರಿಗೆ ಕೆಲಸ ಭಾರ, ಅವರಿಗೆ ಏನು ಬೇಕು ಅಂತ ನನಗೆ ಗೊತ್ತು ಅನ್ನುವ ಊಹೆ. ಅದು ನಿಮಗೆ ಊಹೆ ಅಂತಲೇ ಅನ್ನಿಸಿರಲಿಲ್ಲ, ಕಣ್ಣಿಗೆ ಕಾಣುವ ಸತ್ಯ ಅನ್ನಿಸಿತ್ತು. ಕಲಿಯಬೇಕಾದದ್ದು ಅಲ್ಲಿದೆ. ಪದಗಳನ್ನು ತಿದ್ದಿಕೊಂಡು ಊಹೆಯನ್ನು ಹಾಗೇ ಉಳಿಸಿಕೊಂಡರೆ, ಇನ್ನೊಂದು ದಿನ ಇನ್ನೊಬ್ಬರಿಗೆ, ಮಗು ಹುಟ್ಟಿದ ಮೇಲೆ ಕೆಲಸಕ್ಕೆ ಮರಳಿದವರಿಗೋ ನಿವೃತ್ತಿ ಹತ್ತಿರ ಇರುವವರಿಗೋ, ಇದೇ ಆಗುತ್ತದೆ.

ಒಂದು ಅಭ್ಯಾಸ ಹೇಳುತ್ತೇನೆ, ನಾನು ಆ ಪೆನ್ನಿನ ಮುಚ್ಚಳದ ದಿನದಿಂದ ಮಾಡುತ್ತಾ ಬಂದಿರುವುದು. ಇಂಥದ್ದೇನಾದರೂ ಆದಾಗ ಒಂದು ಹಾಳೆಯ ಮೇಲೆ ನಾನು ಆಡಿದ ಮಾತನ್ನು ಹಾಗಾಗೇ ಬರೆಯುತ್ತೇನೆ. ಅದರ ಕೆಳಗೆ, ಈ ಮಾತು ಬಾಯಿಗೆ ಬರಬೇಕಾದರೆ ನಾನು ಆ ವ್ಯಕ್ತಿಯ ಬಗ್ಗೆ ಏನನ್ನು ಮೊದಲೇ ನಂಬಿರಬೇಕು ಅಂತ ಬರೆಯುತ್ತೇನೆ. ನನ್ನ ಹಾಳೆಯಲ್ಲಿ "ಸುಮ್ಮನಾದರು ಅಂದರೆ ಗೊತ್ತಿಲ್ಲ ಅಂತ ಅರ್ಥ" ಅಂತ ಇತ್ತು. ಬರೆದು ನೋಡಿದ ಮೇಲೆ ನಾಚಿಕೆಯಾಯಿತು. ನಾನೇ ಉತ್ತರ ಕೊಡುವ ಮುಂಚೆ ಎಷ್ಟು ಸಲ ಸುಮ್ಮನಾಗುತ್ತೇನೆ! ಅವತ್ತಿಂದ ಯಾರಾದರೂ ಮೌನವಾದರೆ ಕಾಯುತ್ತೇನೆ. ಕಷ್ಟ ಆಗುತ್ತದೆ, ಆದರೂ ಕಾಯುತ್ತೇನೆ.

ನಿಮ್ಮ ಸಂದರ್ಭದಲ್ಲಿ ಮುಂದಿನ ಸಲಕ್ಕೆ ಬೇಕಾದದ್ದು ಒಂದು ಪ್ರಶ್ನೆ, ಅದೂ ಮೀಟಿಂಗಿಗೆ ಮೊದಲು, ಇಬ್ಬರೇ ಇದ್ದಾಗ. "ಹೊಸ ಪ್ರಾಜೆಕ್ಟ್ ಬರ್ತಿದೆ, ನಿಮ್ಮ ವಿಷಯದ್ದೇ. ತಗೊಳ್ತೀರಾ? ತಗೊಂಡರೆ ನನ್ನ ಕಡೆಯಿಂದ ಏನು ಬೇಕು?" ಅವರು ಈಗ ಬೇಡ ಅಂದರೆ ಅದು ಅವರ ತೀರ್ಮಾನ. ಕೊನೆಗೆ ಪ್ರಾಜೆಕ್ಟ್ ಅದೇ ಹುಡುಗನ ಕೈಗೆ ಹೋದರೂ ಯಾರಿಗೂ ನೋವಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಯಾರಿಗೆ ನೋವಾದರೂ ನಾವೇ ತಪ್ಪಿತಸ್ಥರು ಅಂತ ನಾನು ಹೇಳುತ್ತಿಲ್ಲ. ಕೆಲಸ ಸರಿಯಿಲ್ಲದಾಗ ಸರಿಯಿಲ್ಲ ಅಂತ ಹೇಳಲೇಬೇಕು, ಕೇಳಿದವರಿಗೆ ಬೇಜಾರೂ ಆಗಬಹುದು. ಅದಕ್ಕೆ ಕ್ಷಮೆ ಕೇಳಿ ಮಾತು ಹಿಂತೆಗೆದುಕೊಂಡರೆ ಅವರಿಗೇ ಮೋಸ. ಕೆಲಸದ ಬಗ್ಗೆ ಹೇಳಿದೆನಾ, ಅವರ ಬಗ್ಗೆ ಹೇಳಿದೆನಾ ಅಂತ ಕೇಳಿಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ನಿಮ್ಮದು ಕೆಲಸದ ಬಗ್ಗೆ ಆಗಿರಲಿಲ್ಲ. ಅವರು ಆ ಕೆಲಸ ಶುರುವೇ ಮಾಡಿರಲಿಲ್ಲ.

ಇನ್ನು, ಮೂರು ವಾರ ನಿಮಗೆ ಯಾರೂ ನೇರವಾಗಿ ಹೇಳಲಿಲ್ಲ ಅನ್ನುವುದನ್ನೂ ಯೋಚಿಸಿ. ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡುವಾಗ, ಒಳ್ಳೆಯ ತಂಡಗಳಲ್ಲೇ ಔಷಧಿಯ ತಪ್ಪುಗಳು ಜಾಸ್ತಿ ದಾಖಲಾಗಿರುವುದು ಕಂಡು ಆಶ್ಚರ್ಯಪಟ್ಟರು. ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು ಅನ್ನುವ ಕಡೆಗೆ ಅವರ ಹುಡುಕಾಟ ಹೋಯಿತು. ಮನಸ್ಸಿಗೆ ಆದ ಏಟಿಗೂ ಇದೇ ಮಾತು ಹೊಂದುತ್ತದೆ. ನಿಮ್ಮ ತಂಡದಲ್ಲಿ ಬೇಜಾರಿನ ಸುದ್ದಿ ಗುಟ್ಟಾಗಿ, ಮೂರನೆಯವರ ಬಾಯಿಂದ ಬರುತ್ತಿದೆ. "ಸರ್, ಆ ಮಾತು ಸರಿ ಇರಲಿಲ್ಲ" ಅಂತ ಯಾರಾದರೂ ಹೇಳಿದ ದಿನ ನೀವು ಏನು ಮಾಡುತ್ತೀರಿ ಅನ್ನುವುದನ್ನು ಉಳಿದ ಎಂಟೂ ಜನ ನೋಡುತ್ತಾರೆ. ಆ ಹೊತ್ತಿಗೆ "ಹೌದಾ, ಹೇಳಿದ್ದು ಒಳ್ಳೇದಾಯ್ತು" ಅಂತಷ್ಟೇ ಬಾಯಿಗೆ ಬಂದರೆ ಸಾಕು.

ಕೊನೆಯದಾಗಿ ಆ ಪ್ರಾಜೆಕ್ಟ್. ಕ್ಷಮೆಯ ಹುಮ್ಮಸ್ಸಿನಲ್ಲಿ "ತಗೊಳ್ಳಿ, ಅದನ್ನ ನಿಮಗೇ ಕೊಡ್ತೀನಿ" ಅಂದುಬಿಡಬೇಡಿ. ಮೂರು ವಾರದಿಂದ ಆ ಹುಡುಗ ಅದರಲ್ಲಿ ಮುಳುಗಿದ್ದಾನೆ, ಅವನಿಂದ ಕಿತ್ತುಕೊಂಡರೆ ಅವನಿಗೂ ಅದೇ ಮುಖಭಂಗ, ಅದೂ ಎಲ್ಲರ ಮುಂದೆ. ಮೊದಲು ಅವರನ್ನು ಕೇಳಿ, ಅದರಲ್ಲಿ ಈಗಲೂ ಆಸಕ್ತಿ ಇದೆಯಾ, ಯಾವ ಭಾಗದಲ್ಲಿ, ಎಷ್ಟು ಅಂತ. ಆಮೇಲೆ ಅವನನ್ನು ಬೇರೆಯಾಗಿ ಕೂರಿಸಿಕೊಂಡು, ಇದನ್ನು ಮುಂದೆ ಹೇಗೆ ಹಂಚಿಕೊಳ್ಳಬಹುದು ಅಂತ ಅವನನ್ನೂ ಕೇಳಿ. ಇಬ್ಬರ ಮಾತೂ ಕೇಳಿದ ಮೇಲೆ ತೀರ್ಮಾನ ಮಾಡಿ, ಅದನ್ನು ಮೀಟಿಂಗಿನಲ್ಲಿ ಹೇಳುವ ಮೊದಲು ಇಬ್ಬರಿಗೂ ತಿಳಿಸಿ. ಮೀಟಿಂಗಿನಲ್ಲಿ ಹೇಳುವಾಗ ಯಾರ ಆರೋಗ್ಯದ ಮಾತೂ ಬೇಡ, ಯಾರು ಏನು ಮಾಡುತ್ತಾರೆ ಅನ್ನುವುದಷ್ಟೇ ಸಾಕು.